ಅಪ್‌ಡೇಟ್: ಅಮ್ಮನ ಜೊತೆ ಐಸ್‌ಲ್ಯಾಂಡ್‌ನಲ್ಲಿ ಎರಡು ದಿನ

ಜೂನ್ ಕೊನೆಗೆ ಅಮ್ಮನನ್ನು ಬಾಸ್ಟನ್‌ಗೆ ಕರ್ಕೊಂಡು ಹೋಗುವಾಗ ಐಸ್‌ಲ್ಯಾಂಡ್‌ನಲ್ಲಿ ಎರಡು ದಿನ ಇಳಿದರೆ ಏನೇನು ನೋಡಬಹುದು ಅಂತ ಕೇಳಿದ್ದೆ. ಹೋಗಿ ಬಂದೆವು. ದೇಶವನ್ನೇ ಸುತ್ತುವ ಹೆದ್ದಾರಿ ರಿಂಗ್ ರೋಡ್ ಪೂರ್ತಿ ಸುತ್ತುವ ಆಸೆ ಬಿಡಿ ಅಂದಿದ್ದಿರಿ, ಅದು ಸರಿಯಾದ ಮಾತು. 1,300 ಕಿ.ಮೀ.ಗಿಂತ ಜಾಸ್ತಿ ಇದೆ!

ಮೊದಲ ದಿನ ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನ, ಗೀಸಿರ್ ಅನ್ನೋ ಬಿಸಿನೀರಿನ ಬುಗ್ಗೆ, ಗುಟ್ಲ್‌ಫಾಸ್ ಜಲಪಾತ. ಗೀಸಿರ್ ಈಗ ಚಿಮ್ಮುವುದು ತುಂಬಾ ಅಪರೂಪ, ಆದರೆ ಪಕ್ಕದ ಸ್ಟ್ರೋಕುರ್ 5–10 ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಕ್ಯಾಮೆರಾ ಬಿಟ್ಟು ಆ ಹೊಂಡವನ್ನೇ ನೋಡ್ತಾ ಇರಿ. ನೀರು ಮೊದಲು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡುತ್ತೆ, ಆಮೇಲೆ ಒಂದೇ ಕ್ಷಣ ನೀಲಿ ಗುಳ್ಳೆಯಾಗಿ ಉಬ್ಬಿ ಒಡೆಯುತ್ತೆ. ಅಮ್ಮ ಒಂಬತ್ತು ಸಲ ನೋಡಿದಳು, ಕರೆದರೂ ಬರಲಿಲ್ಲ.

ಎರಡನೇ ದಿನ ಸೇಲ್ಯಾಲಾಂಡ್ಸ್‌ಫಾಸ್ ಜಲಪಾತ. 60 ಮೀಟರ್ ಎತ್ತರದಿಂದ ಬೀಳುವ ನೀರಿನ ಹಿಂದೆ ನಡೆದು ಹೋಗಬಹುದು. ಕಲ್ಲು ಜಾರುತ್ತೆ, ಹಾಗಾಗಿ ಅಮ್ಮನ ಕೈ ಬಿಡಲಿಲ್ಲ. ಗಾಳಿಗೆ ಛತ್ರಿ ನಿಲ್ಲಲ್ಲ, ರೇನ್‌ಕೋಟ್ ಬೇಕೇ ಬೇಕು.

ಊಟದ ಚಿಂತೆ ಇತ್ತಲ್ವಾ? ಅಲ್ಲಿನ ಸ್ಕೀರ್ ನಮ್ಮ ಗಟ್ಟಿ ಮೊಸರಿನ ಹಾಗೇ ಇದೆ. ಮನೆಯಿಂದ ತಂದಿದ್ದ ಅವಲಕ್ಕಿಗೆ ಕಲಸಿ, ಉಪ್ಪಿನಕಾಯಿ ಹಾಕ್ಕೊಂಡು ತಿಂದೆವು. ನಲ್ಲಿಯ ಬಿಸಿನೀರು ಗಂಧಕದ ವಾಸನೆ ಬರುತ್ತೆ, ಕುಡಿಯಲು ತಣ್ಣೀರನ್ನೇ ಹಿಡಿಯಿರಿ.

ರಾತ್ರಿ ಕತ್ತಲಾಗಲೇ ಇಲ್ಲ. ಕಣ್ಣಿಗೆ ಪಟ್ಟಿ ತನ್ನಿ ಅಂದವರಿಗೆ ಮನಸಾರೆ ಥ್ಯಾಂಕ್ಸ್. ಭಾರತದ ಪಾಸ್‌ಪೋರ್ಟ್ ಇರುವವರು ಏರ್‌ಪೋರ್ಟ್‌ನಿಂದ ಹೊರಗೆ ಬರಬೇಕಾದರೆ ಷೆಂಗೆನ್ ವೀಸಾ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.