ಟೆನ್ಷನ್ ಆದಾಗ ಕೈ ತಿಂಡಿ ಡಬ್ಬಕ್ಕೇ ಹೋಗುತ್ತದೆ, ಏನು ಮಾಡಲಿ?

ರಾತ್ರಿಪಾಳಿ:
ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಸೀದಾ ಅಡುಗೆಮನೆಗೆ ಹೋಗಿ ಕೋಡುಬಳೆ ಡಬ್ಬ ತೆಗೆಯುತ್ತೇನೆ. ಊಟ ಆಗಿರುತ್ತದೆ, ಹಸಿವೇನೂ ಇರಲ್ಲ. ನಿಂತುಕೊಂಡೇ ತಿನ್ನುತ್ತಾ ಹೋಗಿ, ತಳದ ಪುಡಿ ಬೆರಳಿಗೆ ಸಿಕ್ಕಾಗಲೇ ಎಚ್ಚರ. ಆಮೇಲೆ ಬೇಜಾರಾಗಿ ಮರುದಿನ ಬೆಳಗಿನ ತಿಂಡಿ ಬಿಡುತ್ತೇನೆ. ಯಾರಿಗಾದರೂ ಹೀಗಾಗಿ ಸರಿಹೋಗಿದೆಯಾ?

ಹಾಸನದವಳು:
ದಯವಿಟ್ಟು ತಿಂಡಿ ಬಿಡಬೇಡಿ. ನಾನೂ ಅದನ್ನೇ ಮಾಡುತ್ತಿದ್ದೆ, ಬೆಳಿಗ್ಗೆ ಹೊಟ್ಟೆ ಖಾಲಿ ಇಟ್ಟರೆ ರಾತ್ರಿ ಆಸೆ ಇನ್ನೂ ಜಾಸ್ತಿ. ಟೆನ್ಷನ್ ತುಂಬಾ ದಿನ ಇದ್ದರೆ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರುತ್ತದೆ, ಆಗ ಸಿಹಿ, ಕರಿದದ್ದು ಬೇಕು ಅನ್ನಿಸುವುದು ಸಹಜ, ಅದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ನಾನು ಡಬ್ಬ ಮುಟ್ಟುವ ಮುಂಚೆ ಕೇಳಿಕೊಳ್ಳುತ್ತೇನೆ: ಈಗ ಮೊಸರನ್ನ ಕೊಟ್ಟರೆ ತಿನ್ನುತ್ತೀನಾ? ಹೌದು ಅಂದರೆ ಹಸಿವೇ, ಕೂತು ಉಣ್ಣುತ್ತೇನೆ. ಕೋಡುಬಳೆಯೇ ಬೇಕು ಅಂದರೆ ಮನಸ್ಸಿಗೆ ಏನೋ ಆಗಿದೆ. ಆಗ ತಂಗಿಗೆ ಫೋನ್ ಮಾಡುತ್ತೇನೆ, ಇಲ್ಲಾ ಮಹಡಿ ಮೇಲೆ ಹತ್ತು ನಿಮಿಷ ಸುಮ್ನೆ ನಡೆಯುತ್ತೇನೆ.

ಮಲೆನಾಡಿಗ:
ತಟ್ಟೆಗೆ ಎರಡೇ ಹಾಕಿಕೊಂಡು, ಡಬ್ಬ ಮುಚ್ಚಿ ಅಟ್ಟದ ಮೇಲಿಟ್ಟು, ಕೂತು ತಿನ್ನಿ. ನನಗೆ ಇಷ್ಟರಿಂದಲೇ ಅರ್ಧ ಕಡಿಮೆಯಾಯಿತು.

ನರ್ಸ್ ಅಕ್ಕ:
ಹೊಟ್ಟೆ ನೋಯುವಷ್ಟು ಪದೇಪದೇ ತಿಂದು, ನಿಲ್ಲಿಸಲಿಕ್ಕೇ ಆಗದೆ, ಮನೆಯವರಿಂದ ಮುಚ್ಚಿಡುವ ಹಾಗಾದರೆ ಡಾಕ್ಟರ್ ಹತ್ತಿರ ಹೋಗಿ, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ರಾತ್ರಿಪಾಳಿ:
ಇವತ್ತು ಬೆಳಿಗ್ಗೆ ಮೂರು ಇಡ್ಲಿ ತಿಂದೆ ಅಕ್ಕ. ರಾತ್ರಿ ಮೊಸರನ್ನದ ಪ್ರಶ್ನೆ ಕೇಳಿಕೊಂಡು ನೋಡುತ್ತೇನೆ.