ಸಹಾಯ ಬೇಕು: ಲಂಡನ್ನಿನಲ್ಲಿ ಅಮ್ಮನಿಗೆ ಸಂಗೀತ ನಾಟಕ ತೋರಿಸಲು ಟಿಕೆಟ್

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ನಾವು ಬಳ್ಳಾರಿಯವರು. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಐದು ದಿನಗಳ ಮಟ್ಟಿಗೆ ಲಂಡನ್ನಿಗೆ ಹೋಗುತ್ತಿದ್ದು, ಅಲ್ಲಿನ ಲೈಸಿಯಂ ಥಿಯೇಟರಿನಲ್ಲಿ 1999ರಿಂದ ಪ್ರದರ್ಶನಗೊಳ್ಳುತ್ತಿರುವ ‘ದಿ ಲಯನ್ ಕಿಂಗ್’ ಸಂಗೀತ ನಾಟಕವನ್ನು ಅವರಿಗೆ ತೋರಿಸಬೇಕೆಂದಿದ್ದೇನೆ. ಸುಭದ್ರಮ್ಮ ಮನ್ಸೂರು ಅವರ ರಂಗಗೀತೆಗಳನ್ನು ಕೇಳುತ್ತ ಬೆಳೆದವರು ಅಮ್ಮ. ಇಂದಿಗೂ ರಾಘವ ಕಲಾಮಂದಿರದಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದೊಡನೆ ಕುರ್ಚಿಯ ತೋಳಿನ ಮೇಲೆ ಅವರ ಬೆರಳುಗಳು ತಾಳ ಹಾಕತೊಡಗುತ್ತವೆ. ಇಂಗ್ಲಿಷ್ ಬಾರದಿದ್ದರೂ ಹಾಡು, ಕುಣಿತ, ಮುಖವಾಡಗಳಿಂದಲೇ ಕಥೆ ಹಿಡಿಯಬಹುದೆಂದು ಇದನ್ನು ಆರಿಸಿದ್ದೇನೆ.

ತೊಡಕಾಗಿರುವುದು ಹಣ ಪಾವತಿಯಲ್ಲಿ. ಕಾರ್ಡಿಗೆ ವಿದೇಶಿ ವ್ಯವಹಾರದ ಅನುಮತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಕೊಟ್ಟಿದ್ದರೂ, ಎರಡು ಸಲವೂ ಒಟಿಪಿ ತಡವಾಗಿ ಬಂದು, ಅಷ್ಟರಲ್ಲಿ ನಮಗಾಗಿ ಹಿಡಿದಿಟ್ಟಿದ್ದ ಆಸನಗಳ ಗಡುವು ಮೀರಿಹೋಯಿತು. ಹೀಗಾದಾಗ ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಬಳಸಿ ಟಿಕೆಟ್ ಪಡೆದವರು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಲೆಸ್ಟರ್ ಸ್ಕ್ವೇರಿನಲ್ಲಿ ರಿಯಾಯಿತಿ ಟಿಕೆಟ್ ಮಾರುವ ಟಿಕೆಟಿಎಸ್ ಕೌಂಟರ್ ಇದೆ. ಆದರೆ ಬೇಕಾದ ನಾಟಕದ ಟಿಕೆಟ್ಟೇ ಸಿಗುವ ಖಾತರಿಯಿಲ್ಲದ ಕಡೆ ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಮತ್ತೊಂದು ಮಾತು. ಅವರಿಗೆ ಮಂಡಿನೋವಿರುವುದರಿಂದ ಮೇಲಿನ ಸರ್ಕಲ್‌ಗಳ, ಅಂದರೆ ಬಾಲ್ಕನಿಗಳ, ಮೆಟ್ಟಿಲು ಹತ್ತಲಾಗದು. ರಂಗಕ್ಕೆ ಹತ್ತಿರದ ಸ್ಟಾಲ್ಸ್ ಭಾಗದಲ್ಲಿ ಹೆಚ್ಚು ಮೆಟ್ಟಿಲಿಲ್ಲದೆ ತಲುಪಬಹುದಾದ, ಕಂಬ ಅಡ್ಡ ಬಾರದ ಸಾಲು ಯಾವುದೆಂದು ಅಲ್ಲಿ ಕುಳಿತು ನೋಡಿದವರು ಹೇಳಿದರೆ, ದುಬಾರಿಯಾದರೂ ಅದನ್ನೇ ಕಾಯ್ದಿರಿಸುತ್ತೇನೆ.