ಮಣ್ಣಿನ ಚಟ್ಟಿ ಕೈ ಸುಡುತ್ತದೆ, ಒಳಗಿನ ಹುಳಿ ತಣ್ಣಗೆ! ಮೈಕ್ರೋವೇವ್ ಹಾಳಾ?

ನೀರ್ಚಾಲು ಅಕ್ಕ:
ಗಾಜಿನ ಬೋಗುಣಿಯಲ್ಲಿ ಸೌತೆಕಾಯಿ ಹುಳಿ ಇಟ್ಟರೆ ಹುಳಿ ಬಿಸಿಯಾಗುತ್ತದೆ, ಬೋಗುಣಿಯ ಅಂಚನ್ನು ಬರಿಗೈಯಲ್ಲೇ ಹಿಡಿಯಬಹುದು. ಅದೇ ಹುಳಿ ಮಣ್ಣಿನ ಚಟ್ಟಿಯಲ್ಲಿಟ್ಟರೆ ಚಟ್ಟಿ ಮುಟ್ಟಲಿಕ್ಕಾಗುವುದಿಲ್ಲ, ಹುಳಿ ಉಗುರುಬೆಚ್ಚಗೆ ಅಷ್ಟೇ. ಇನ್ನು ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆ ಇಟ್ಟು ನೋಡಿದರೆ ಕರಗುವ ಲಕ್ಷಣವೇ ಇಲ್ಲ. ಎಂತ ಕತೆ ಇದು?

ಕುಂಬಳೆ ಮಾಷ್ಟ್ರು:
ಹಾಳಾಗಿಲ್ಲ ಅಕ್ಕ. ಅದು ಒಲೆಯ ಹಾಗೆ ಪಾತ್ರೆ ಕಾಯಿಸುವುದಲ್ಲ. ಒಳಗಿನ ಮ್ಯಾಗ್ನೆಟ್ರಾನ್ 2.45 ಗಿಗಾಹರ್ಟ್ಸ್ ಅಲೆ ಬಿಡುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಸಲ ಆಚೀಚೆ. ನೀರಿನ ಅಣುವಿನ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್, ಅಲೆಯ ಜೊತೆ ತಿರುಗಲು ಹೋಗಿ ಪಕ್ಕದ ಅಣುಗಳಿಗೆ ಗುದ್ದಿ ಗುದ್ದಿ ಬಿಸಿಯಾಗುತ್ತದೆ. ಗಾಜಿನಲ್ಲಿ ಹಾಗೆ ತಿರುಗುವಂಥದ್ದು ಇಲ್ಲ, ಅಲೆ ಸುಮ್ನೆ ದಾಟಿ ಹೋಗುತ್ತದೆ. ಚಟ್ಟಿಯ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು, ತೊಳೆದ ನೀರೆಲ್ಲ ಅಲ್ಲೇ ಇಳಿದು ಕೂತಿರುತ್ತದೆ. ಹುಳಿಗೆ ಸಿಗಬೇಕಾದ್ದರಲ್ಲಿ ಒಂದು ಪಾಲು ಆ ನೀರೇ ನುಂಗುತ್ತದೆ.

ಎಣ್ಣೆಗೆ ಅಲೆ ಹಿಡಿಯುವುದೇ ಕಡಿಮೆ, ಅದರಲ್ಲೂ ಗಟ್ಟಿಯಾಗಿದ್ದಾಗ. ಬಾಟಲಿಯನ್ನು ಬಿಸಿನೀರಿನಲ್ಲಿ ಇಡಿ, 25 ಡಿಗ್ರಿ ದಾಟಿದರೆ ಸಾಕಲ್ವಾ. ಕಾದ ಎಣ್ಣೆ ನೀರಿನ ಹಾಗೆ 100ಕ್ಕೆ ನಿಲ್ಲುವುದೂ ಇಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಂತೂ ಇಡಲೇಬೇಡಿ.

ಪೆರ್ಲದ ಹುಡುಗ:
ಒಳಗಿಂದ ಹೊರಗೆ ಬೇಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ ಮಾಷ್ಟ್ರೇ? ಹಾಗಾದರೆ ಫ್ರೀಜರಿನ ಪತ್ರೊಡೆಯ ಅಂಚು ಒಣಗಿ ಚಕ್ಕೆಯಾಗಿ, ನಡುವೆ ಇನ್ನೂ ಐಸ್ ಯಾಕೆ?

ಕುಂಬಳೆ ಮಾಷ್ಟ್ರು:
ಆ ಮಾತು ಸುಳ್ಳು ಮಾರಾಯ. ಅಲೆ ಒಳಗೆ ಇಳಿಯುವುದು ಒಂದೆರಡು ಸೆಂಟಿಮೀಟರ್ ತನಕ, ಆಮೇಲೆ ಬಿಸಿ ತಾನಾಗಿ ಹರಡಬೇಕು. ಐಸಿನಲ್ಲಿ ಅಣುಗಳು ಬಿಗಿಯಾಗಿ ಕೂತಿರುವ ಕಾರಣ ತಿರುಗುವುದೇ ಇಲ್ಲ ಅನ್ನಬಹುದು. ಅಂಚು ಮೊದಲು ಕರಗಿತೋ, ಆ ನೀರೇ ಎಲ್ಲಾ ಬಿಸಿ ಎಳೆದುಕೊಳ್ಳುತ್ತದೆ. ಡಿಫ್ರಾಸ್ಟ್ ಒತ್ತಿದರೆ ನಡುನಡುವೆ ಬಿಡುವು ಕೊಟ್ಟು ಓಡುತ್ತದೆ, ಅದು ಇದಕ್ಕೇ.

ಉಪ್ಪಳ ಅಡಿಗೆಮನೆ:
ಅಕ್ಕ, ಪಾತ್ರೆ ನೋಡಲು ಒಂದು ಉಪಾಯ ಉಂಟು. ಖಾಲಿ ಪಾತ್ರೆ, ಪಕ್ಕದಲ್ಲಿ ಗಾಜಿನ ಲೋಟದಲ್ಲಿ ನೀರು, 1 ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಿ, ಉಲ್ಟಾ ಆದರೆ ಬೇಡ. ನೀರಿಲ್ಲದೆ ಬರೀ ಪಾತ್ರೆ ಇಟ್ಟು ಓಡಿಸಬೇಡಿ, ಅಲೆ ಕುಡಿಯಲು ಏನೂ ಇಲ್ಲದಿದ್ದರೆ ವಾಪಸ್ ಮ್ಯಾಗ್ನೆಟ್ರಾನಿಗೇ ಪೆಟ್ಟು. ಚಿನ್ನದ ಗೆರೆ ಇರುವ ಕಪ್ಪಿಗೆ ಈ ಪರೀಕ್ಷೆಯೂ ಬೇಡ, ಗೆರೆಯುದ್ದಕ್ಕೂ ಚಟಚಟ ಕಿಡಿ ಹಾರುತ್ತದೆ. ಮೆಲಮೈನ್ ತಟ್ಟೆಯನ್ನೂ ದೂರ ಇಡಿ, ಅದು ತಾನೇ ಕಾಯುತ್ತದೆ.

ನೀರ್ಚಾಲು ಅಕ್ಕ:
ಚಟ್ಟಿ ಎರಡು ದಿನ ಬಿಸಿಲಿಗೆ ಒಣಗಿಸಿದರೆ ಆದೀತಾ ಹಾಗಾದರೆ?

ಕುಂಬಳೆ ಮಾಷ್ಟ್ರು:
ಸ್ವಲ್ಪ ಕಡಿಮೆಯಾದೀತು. ಆದರೆ ಹುಳಿ ಹಾಕಿದ ಕೂಡಲೇ ಅದರ ನೀರನ್ನೇ ಕುಡಿಯಲು ಶುರು ಮಾಡುತ್ತದಲ್ಲ.